ಎಪ್ಪತ್ತೊಂದು ಸಾಲಿನ ಗೋಡೆ

6 ಮಾರ್ಚ್ 2005

ಇವೋನಾ,

ನಿನ್ನ ಕಾಗದ ಬಂತು. ಫೋನು ಮಾಡಿದರೆ ಅಮ್ಮ ಎತ್ತುವುದಿಲ್ಲ ಎಂದು ದೂರಿದ್ದೀಯ. ಎತ್ತಿ ಏನು ಮಾಡಲಿ? ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಕ್ರೇನಿನ ಗೂಡಿನಲ್ಲಿ ಕೂತು, ಕೆಳಗೆ ಉಕ್ಕಿಗೆ ಸುತ್ತಿಗೆ ಬಡಿಯುವುದನ್ನು ಕೇಳಿದ ಕಿವಿ ಇದು. ಫೋನಿನಲ್ಲಿ ನೀನು ಅತ್ತರೂ ನಕ್ಕರೂ ನನಗೆ ನೊಣ ಹಾರಿದ ಹಾಗೆ ಕೇಳುತ್ತದೆ. ಬರೆ, ಓದುತ್ತೇನೆ.

ಅಂತೂ ನಮ್ಮ ಪುರಸಭೆ ನಿನಗೇ ಕೆಲಸ ಕೊಟ್ಟಿತು. ಆಗಸ್ಟಿಗೆ ಎಂಬತ್ತರ ಮುಷ್ಕರಕ್ಕೆ ಇಪ್ಪತ್ತೈದು ವರ್ಷ. ಹಡಗುಕಟ್ಟೆಯ ಗೇಟಿನ ಮುಂದಿನ ಬಯಲಿನಲ್ಲಿ ದೊಡ್ಡ ಪ್ರದರ್ಶನ, ವಾರ್ಸಾದಿಂದ ನನ್ನ ಮಗಳು ಬಂದು ಅದನ್ನು ವಿನ್ಯಾಸ ಮಾಡುವವಳು. ಸಂತೋಷ. ಕಟ್ಟೆಯನ್ನು ಮುಚ್ಚಿ ಗುಜರಿಗೆ ಹಾಕಿದ ಜನವೇ ಈಗ ಅದರ ಮುಂದೆ ಫಲಕ ನೆಡುತ್ತಿದ್ದಾರೆ. ಗೇಟು ಮಾತ್ರ ಉಳಿದಿದೆ. ಅದರ ಹಿಂದೆ ಏನಿದೆಯೆಂದು ಭಾಷಣ ಮಾಡುವವರಲ್ಲಿ ಒಬ್ಬನೂ ಇಣುಕಿ ನೋಡುವುದಿಲ್ಲ, ಏಕೆಂದರೆ ಏನೂ ಇಲ್ಲ.

ಸಂಸ್ಕೃತಿ ಸಮಿತಿಯ ಅಧ್ಯಕ್ಷ ಝೆನೋನ್ ಪ್ಲಿಖ್ತಾ ನಿನ್ನೊಂದಿಗೆ ‘ನಮ್ಮ ಹೋರಾಟದ ದಿನಗಳು’ ಎಂದು ಕಣ್ಣೊರೆಸಿಕೊಂಡನಂತೆ. ಅವನ ಹೋರಾಟ ಒಟ್ಟು ನಲವತ್ತೆಂಟು ಗಂಟೆ. ಎಂಬತ್ತೊಂದರ ಡಿಸೆಂಬರಿನಲ್ಲಿ ಸೈನಿಕ ಆಡಳಿತ ಬಂದಾಗ ಠಾಣೆಯ ಬೆಂಚಿನ ಮೇಲೆ ಎರಡು ದಿನ ಕೂತಿದ್ದ. ಬೆಂಚಿನ ಮೇಲೆ ಕೂತ ಆ ಅಂಗವನ್ನೇ ಹದಿನೈದು ವರ್ಷದಿಂದ ಚುನಾವಣೆಗೆ ನಿಲ್ಲಿಸುತ್ತಿದ್ದಾನೆ. ಜನ ಗೆಲ್ಲಿಸುತ್ತಲೂ ಇದ್ದಾರೆ.

ನನ್ನ ನೆನಪುಗಳನ್ನು ಕೇಳಬೇಡ. ನೆನಪಿಗೆ ಚೌಕಟ್ಟು ಹಾಕುವ ವಯಸ್ಸು ನನ್ನದಲ್ಲ. ಊಟ ಸರಿಯಾಗಿ ಮಾಡು.

ಅಮ್ಮ

*

21 ಮಾರ್ಚ್ 2005

ಅಮ್ಮ,

ನಿನ್ನ ಕಾಗದವನ್ನು ನನ್ನ ಜೊತೆ ಕೆಲಸ ಮಾಡುವವಳಿಗೆ ಓದಿ ಹೇಳಿದೆ. “ನಿಮ್ಮಮ್ಮ ಯಾರನ್ನಾದ್ರೂ ಹೊಗಳಿದ್ದುಂಟಾ?” ಎಂದು ಕೇಳಿದಳು. “ಕ್ರೇನನ್ನ” ಎಂದೆ.

ಪ್ಲಿಖ್ತಾ ಎಂಥವನೆಂದು ನನಗೂ ಕಾಣುತ್ತದೆ. ಮೊದಲ ಸಭೆಯಲ್ಲೇ, ತನ್ನ ಫೋಟೋ ಗೇಟಿನ ಬಲಕ್ಕೋ ಎಡಕ್ಕೋ ಎಂದು ಕೇಳಿದ. ಆದರೆ ಇದು ನನಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ. ಈ ದೇಶದ ಪ್ರತಿ ಊರಿನ ಚೌಕದಲ್ಲೂ ಅದೇ ಪ್ರದರ್ಶನ ನೋಡಿ ನೋಡಿ ಸಾಕಾಗಿದೆ: ಕಪ್ಪುಬಿಳುಪು ಫೋಟೋ, ದಪ್ಪ ಮೀಸೆಯ ಗಂಡಸರು, ಎತ್ತಿದ ಮುಷ್ಟಿ, ಕೆಳಗೆ ಯಾರೂ ಓದದ ಒಂದು ಪುಟ ಬರಹ. ನಾನು ಹಾಗೆ ಮಾಡುವುದಿಲ್ಲ. ಬಸ್ಸಿಳಿದು ಮಾರುಕಟ್ಟೆಗೆ ಹೋಗುವ ಹೆಂಗಸು ಒಂದು ನಿಮಿಷ ನಿಂತು, ಇದು ನನ್ನ ಕಥೆ ಅಂದುಕೊಳ್ಳಬೇಕು.

ಒಂದೇ ಒಂದು ಕೇಳುತ್ತೇನೆ. ಸಂಬಳ ಏರಿಸುತ್ತೇವೆ ಎಂದ ಕೂಡಲೇ ಗಂಡಸರು ಮುಷ್ಕರ ಬಿಟ್ಟು ಮನೆಗೆ ಹೊರಟಾಗ ಗೇಟಿನಲ್ಲಿ ಅಡ್ಡ ನಿಂತದ್ದು ಹೆಂಗಸರು ಎನ್ನುತ್ತಾರೆ. ಫೋಟೋ ಎಲ್ಲೂ ಇಲ್ಲ. ನೀನು ಅಲ್ಲಿದ್ದೆಯಾ?

ಇವೋನಾ

*

12 ಏಪ್ರಿಲ್ 2005

ಇವೋನಾ,

ಪೋಪರು ತೀರಿಕೊಂಡ ವಾರ ಪೇಟೆಯೆಲ್ಲ ಮೊಂಬತ್ತಿ. ಎಲ್ಲಕ್ಕಿಂತ ದಪ್ಪದ ಮೊಂಬತ್ತಿ ಯಾರದ್ದೆಂದು ನಿನಗೆ ಹೇಳಬೇಕಾಗಿಲ್ಲ. ಮೇಲೆ ತನ್ನ ಹೆಸರಿನ ಚೀಟಿಯನ್ನೂ ಅಂಟಿಸಿದ್ದ.

ಹೌದು, ಇದ್ದೆ. ನಾವು ನಾಲ್ಕು ಜನ. ಮೂರನೆಯ ದಿನ ಮಧ್ಯಾಹ್ನ ಮೈಕಿನಲ್ಲಿ ಸಂಬಳ ಏರಿಕೆ ಎಂದು ಕೂಗಿದರು. ಸಾವಿರ ಗಂಡಸರು ಪಾಳಿ ಮುಗಿದವರ ಹಾಗೆ ಚೀಲ ಹೆಗಲಿಗೇರಿಸಿದರು. ಬಸ್ಸಿನವರು, ಮೀನಿನ ಡಬ್ಬಿ ಕಾರ್ಖಾನೆಯವರು ನಮ್ಮನ್ನು ನಂಬಿ ಕೆಲಸ ನಿಲ್ಲಿಸಿದ್ದರು. ಅವರ ಗತಿ ಏನು ಎಂಬುದು ಒಬ್ಬನಿಗೂ ಹೊಳೆಯಲಿಲ್ಲ. ನಾನು ಗೇಟಿನ ಸರಳಿಗೆ ಬೆನ್ನು ಕೊಟ್ಟು ನಿಂತು ಕೂಗಿದೆ: “ಎಲ್ರಪ್ಪಾ ಹೊರಟ್ರಿ? ನಿಮ್ಮ ಜೇಬು ತುಂಬ್ತು, ಆಯ್ತಾ? ನಾಳೆ ಬಸ್ಸಲ್ಲಿ ಡ್ರೈವರ್ ಮುಖ ಹೆಂಗೆ ನೋಡ್ತೀರಿ?”

ಮುಂದೆ ನಿಂತಿದ್ದವನು, “ದಾರಿ ಬಿಡು ಗೇನ್ಯಾ, ಮೂರು ದಿನ ಆಯ್ತು ಬಿಸಿ ಸೂಪ್ ಕುಡಿದು” ಎಂದ. ಝೆನೋನ್. ನಾನು ದಾರಿ ಬಿಡಲಿಲ್ಲ. ಅರ್ಧದಷ್ಟು ಜನ ನಾಚಿಕೊಂಡು ವಾಪಸು ಹೋದರು. ಇನ್ನರ್ಧ ಬೇಲಿ ಹಾರಿದರು. ನಿಮ್ಮ ಪ್ರಜಾಪ್ರಭುತ್ವ ಹುಟ್ಟಿದ್ದು ಹೀಗೆ, ಸೂಪಿಗೂ ನಾಚಿಕೆಗೂ ನಡುವೆ. ಬೇಕಾದರೆ ಇದನ್ನು ಬರೆಸು. ಅವನ ಹೆಸರೂ ಇರಲಿ.

ಎಂಬತ್ತೊಂದರ ಡಿಸೆಂಬರಿನ ವಿಚಾರ ಮಾತ್ರ ಎತ್ತಬೇಡ. ಅಲ್ಲಿ ನೋಡುವಂಥದ್ದು ಏನೂ ಇಲ್ಲ.

ಅಮ್ಮ

*

9 ಮೇ 2005

ಅಮ್ಮ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲದಿದ್ದರೆ ಬೈಯಬೇಡ. ಗುಪ್ತ ಪೊಲೀಸರ ಹಳೆಯ ಕಡತಗಳನ್ನು ಇಟ್ಟಿರುವಲ್ಲಿಗೆ ಹೋಗಿ ನಿನ್ನ ಹೆಸರಿನ ಕಡತ ತೆಗೆಸಿದೆ. ಅದರೊಳಗೆ ಶಾಲೆಯ ಒಂದು ನೋಟುಬುಕ್ಕು, ನಿನ್ನ ಕೈಬರಹ. ಎಪ್ಪತ್ತೊಂದು ಸಾಲು, ಒಂದೊಂದಕ್ಕೂ ಕ್ರಮಸಂಖ್ಯೆ, ಒಂದೊಂದು ಹೆಸರಿನ ಮುಂದೆಯೂ ಬೆಳಿಗ್ಗೆ ಒಂದು ಗುರುತು, ಸಂಜೆ ಒಂದು ಗುರುತು. ಹೀಗೆ ಆರು ವಾರ. ಅಧಿಕಾರಿಯೊಬ್ಬ ಅದರ ಮೇಲೆ ಬರೆದಿದ್ದಾನೆ: ‘ಭೂಗತ ಸಂಘಟನೆಯ ಸದಸ್ಯರ ಹಾಜರಿ. ಎಲ್ಲರನ್ನೂ ಕರೆಸಿ.’

ಇಷ್ಟು ವರ್ಷ ನೀನು ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಿಮ್ಮ ಕಾರ್ಮಿಕ ಒಕ್ಕೂಟ ಸಾಲಿಡಾರಿಟಿಯನ್ನು ನಿಷೇಧಿಸುವ ಮೊದಲೇ ಇಂಥ ಸಂಘಟನೆ ಕಟ್ಟಿದ್ದೆಯಲ್ಲ! ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆಯಾಯಿತೆಂದು ಬರೆಯಲು ಬರುವುದಿಲ್ಲ.

ಬೇರೆಲ್ಲ ಯೋಜನೆ ಬಿಟ್ಟೆ. ಪ್ರದರ್ಶನದ ನಡುವೆ ಒಂದೇ ಒಂದು ಗೋಡೆ: ತುಕ್ಕುಬಣ್ಣದ ಉಕ್ಕು, ಮೂರು ಮೀಟರ್ ಎತ್ತರ, ಹನ್ನೆರಡು ಮೀಟರ್ ಉದ್ದ. ಅದರ ಮೇಲೆ ಆ ಎಪ್ಪತ್ತೊಂದು ಸಾಲು, ನಿನ್ನ ಕೈಬರಹದಲ್ಲೇ, ಉಬ್ಬಿಸಿ. ಒಂಬತ್ತು ಹೆಸರಿಗೆ ನೀನು ಅಡ್ಡಗೆರೆ ಎಳೆದಿದ್ದೀಯ. ಅವರು ಸತ್ತರೋ, ಸಿಕ್ಕಿಬಿದ್ದರೋ? ಆ ಒಂಬತ್ತನ್ನು ಮಾತ್ರ ಉಕ್ಕಿನಲ್ಲಿ ಆಚೆ ಬದಿಯವರೆಗೂ ತೂತಾಗುವಂತೆ ಕೊರೆಸುತ್ತೇನೆ. ಅಕ್ಷರದೊಳಗಿಂದ ಸಮುದ್ರ ಕಾಣಬೇಕು.

ಮೂವತ್ತೊಂದನೆಯದು ಉರ್ಶುಲಾ ಲಾಬುದಾ. ನಮ್ಮ ಉರ್ಶುಲಾ ಚಿಕ್ಕಮ್ಮನೇ ತಾನೆ, ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವಳು? ಆರು ವಾರದಲ್ಲಿ ಅವಳ ಒಂದು ಗುರುತೂ ತಪ್ಪಿಲ್ಲ. ಅಷ್ಟು ಧೈರ್ಯದ ಗೆಳತಿಯ ಮನೆಗೆ ಹೋಗುವುದನ್ನು ನೀನು ಯಾಕೆ ಬಿಟ್ಟೆ?

ಇವೋನಾ

*

17 ಮೇ 2005

ಇವೋನಾ,

ಆ ಗೋಡೆ ಬೇಡ.

ಮೀಸೆಯವರ ಫೋಟೋಗಳನ್ನೇ ಹಾಕು. ಮುಷ್ಟಿ ಹಾಕು, ಬಾವುಟ ಹಾಕು. ನಾನು ಒಂದು ಮಾತೂ ಆಡುವುದಿಲ್ಲ. ಝೆನೋನನ ಮುಖವನ್ನು ಗೇಟಿನ ಎರಡು ಕಡೆಯೂ ಹಾಕು, ನಿಂತು ಚಪ್ಪಾಳೆ ತಟ್ಟುತ್ತೇನೆ.

ಕಾರಣ ಕೇಳಬೇಡ. ಈ ವರ್ಷ ಹೆರಿಂಗ್ ಮೀನು ಚೆನ್ನಾಗಿ ಬಂದಿದೆ. ಉಪ್ಪು ಹಾಕಿ ಇಟ್ಟಿದ್ದೇನೆ.

ಅಮ್ಮ

*

26 ಮೇ 2005

ಅಮ್ಮ,

ಮೀನು ನನಗೆ ಬೇಡ.

ನೀನು ಇಡೀ ಊರಿಗೆ ಮೂಗು ಮುರಿಯುವುದನ್ನು ಕೇಳಿಕೊಂಡೇ ನಾನು ಬೆಳೆದೆ. ಪಾದ್ರಿ ಗೊಡ್ಡು, ಮೇಯರ್ ಕಳ್ಳ, ಹ್ಯಾಂಬರ್ಗಿನಲ್ಲಿ ಹಡಗಿಳಿದು ವಾಪಸು ಹತ್ತದ ಅಪ್ಪ ಹೇಡಿ, ನಾನು ಬರೆದ ಚಿತ್ರ ಅಂಗಡಿಯ ಬೋರ್ಡು. ಈಗ ಜೀವನದಲ್ಲಿ ಮೊದಲ ಸಲ ನಾನೊಂದು ಕೆಲಸ ಸರಿಯಾಗಿ ಮಾಡಿದ್ದೇನೆ, ಅದೂ ನಿನಗಾಗಿ. ಅದೂ ಬೇಡ. ಕಾರಣವನ್ನೂ ಕೇಳಬಾರದು.

ಆ ಡಿಸೆಂಬರಿನಲ್ಲಿ ನನಗೆ ಒಂಬತ್ತು ವರ್ಷ. ನಿನ್ನನ್ನು ಬಂಧನ ಶಿಬಿರಕ್ಕೆ ಒಯ್ದರು. ಎಂಟು ತಿಂಗಳು ದೊಡ್ಡಮ್ಮನ ಮನೆಯಲ್ಲಿ ಅಡುಗೆಮನೆಯ ಬೆಂಚಿನ ಮೇಲೆ ಮಲಗಿದೆ. ಪ್ರತಿ ಊಟದ ಹೊತ್ತಿಗೂ ಅವಳು “ನಿಮ್ಮಮ್ಮನಿಗೆ ದೇಶ ಬೇಕಿತ್ತು, ಮಗಳಲ್ಲ” ಅನ್ನುತ್ತಿದ್ದಳು. ಹಾಗೇ ಇರಲಿ ಎಂದು ನಾನು ಒಪ್ಪಿಕೊಂಡೆ. ಆ ಎಂಟು ತಿಂಗಳು ಯಾವುದಕ್ಕಾಗಿ ಹೋಯಿತೆಂದು ಆ ನೋಟುಬುಕ್ಕು ನೋಡಿದಾಗ ನನಗೆ ಮೊದಲ ಸಲ ತಿಳಿಯಿತು.

ಗೋಡೆಗೆ ಉಕ್ಕು ತರಿಸಲು ಹೇಳಿ ಆಯಿತು. ನಕ್ಷೆಯನ್ನು ಸಮಿತಿಗೂ ಕಳಿಸಿದ್ದೇನೆ. ಪ್ಲಿಖ್ತಾ ತುಂಬ ಮೆಚ್ಚಿಕೊಂಡಿದ್ದಾನೆ. ನೀನು ಬಾಯಿ ಬಿಡದಿದ್ದರೆ ಆಗಸ್ಟ್ 31ಕ್ಕೆ ಗೋಡೆ ನಿಲ್ಲುತ್ತದೆ.

ಇವೋನಾ

*

30 ಜೂನ್ 2005

ಇವೋನಾ,

ಒಂದು ತಿಂಗಳು ಬರೆಯಲಿಲ್ಲ. ಬರೆಯುವ ಮನಸ್ಸೂ ಇರಲಿಲ್ಲ. ಮೊನ್ನೆ ಝೆನೋನ್ ಮನೆಗೆ ಬಂದ. ಕೈಯಲ್ಲಿ ಗಸಗಸೆ ಕೇಕು. ಹದಿನೈದು ವರ್ಷದಲ್ಲಿ ಒಮ್ಮೆಯೂ ನನ್ನ ಮೆಟ್ಟಿಲು ಹತ್ತದವನು ಸೋಫಾದ ಮೇಲೆ ಅಂಡೂರಿ ಕೂತು ಹಲ್ಲು ಕಿರಿದ.

“ಗೇನ್ಯಾ, ನಿನ್ ಮಗಳು ಕಳಿಸಿದ ನಕ್ಷೆ ನೋಡ್ದೆ. ಭಾರಿ ಚೆನ್ನಾಗಿದೆ. ನಾನು ಎರಡು ಕಡೆ ಇದೀನಿ.”

“ಇದೀಯ. ಏಳನೇದು, ಐವತ್ತೆಂಟನೇದು. ಬೆಳಿಗ್ಗೆ ಆರಕ್ಕೆ ಏಳಕ್ಕಾಗಲ್ಲ ಅಂದ್ರೆ ಹಂಗೇ ಆಗೋದು.”

ಅವನು ಹೊಟ್ಟೆ ಕುಲುಕಿಸಿ ನಕ್ಕ. “ಅದಕ್ಕೇ ಬಂದೆ ಮಾರಾಯ್ತಿ. ನಿನಗೂ ಗೊತ್ತು, ನನಗೂ ಗೊತ್ತು. ಬೇರೆಯವರಿಗೆ ಯಾಕೆ? ಜನ ಮೊಮ್ಮಕ್ಕಳನ್ನ ಕರ್ಕೊಂಡು ಬಂದು, ಇಗೋ ಅಜ್ಜನ ಹೆಸರು ಅಂತ ತೋರಿಸ್ತಾರೆ. ನಿನ್ ಮಗಳಿಗೂ ಹೆಸರು ಬರುತ್ತೆ. ಬಾಯಿ ಮುಚ್ಕೊಂಡಿರೋದು ನಿನಗೇನು ಹೊಸದಲ್ವಲ್ಲ. ನಾವಿಬ್ರೂ ಒಂದೇ ಕಡೆಯವರು ಅಂದ್ಕೋ.”

ಇಪ್ಪತ್ತನಾಲ್ಕು ವರ್ಷ ಯಾರಿಗೂ ಹೇಳದ್ದನ್ನು ನಿನಗೆ ಈಗ ಹೇಳುತ್ತಿರುವುದು ಒಳ್ಳೆಯತನದಿಂದಲ್ಲ. ನಾನೂ ಝೆನೋನೂ ಒಂದೇ ಕಡೆಯವರು ಎಂಬ ಮಾತು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಕೇಳು. ಆ ನೋಟುಬುಕ್ಕು ವಾಷಿಂಗ್ ಮಷೀನಿನ ಸಾಲಿನದು.

ನೀನು ಹನ್ನೆರಡು ಮೀಟರ್ ಉಕ್ಕಿನಲ್ಲಿ ಕೊರೆಸುತ್ತಿರುವುದು ಬಂದರು ಬೀದಿಯ ಸರಕಾರಿ ಅಂಗಡಿಯ ಮುಂದೆ ಸಾಲು ನಿಂತವರನ್ನು. ಆ ಶರತ್ಕಾಲದಲ್ಲಿ ಅಂಗಡಿಗಳಲ್ಲಿ ವಿನೆಗರ್ ಬಿಟ್ಟರೆ ಬೇರೇನೂ ಇರಲಿಲ್ಲ. ವಾಷಿಂಗ್ ಮಷೀನು ಬರುತ್ತದಂತೆ ಎಂದು ಸುದ್ದಿಯಾಯಿತು. ಯಾವತ್ತು ಬರುತ್ತದೆ, ಎಷ್ಟು ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಎಂದಿನಂತೆ ಸಾಲಿನವರೇ ಪಟ್ಟಿ ಬರೆದುಕೊಂಡೆವು, ಪಟ್ಟಿ ನನ್ನ ಕೈಗೆ ಬಂತು. ಬೆಳಿಗ್ಗೆ ಆರಕ್ಕೆ ಒಂದು ಕೂಗು, ಸಂಜೆ ಆರಕ್ಕೆ ಒಂದು ಕೂಗು. ಓ ಎಂದವರಿಗೆ ಗುರುತು. ಎರಡು ಕೂಗು ತಪ್ಪಿಸಿದವರ ಹೆಸರಿಗೆ ಅಡ್ಡಗೆರೆ, ಮತ್ತೆ ಬೇಕಿದ್ದರೆ ಕೊನೆಗೆ ಹೋಗಿ ಸೇರಬೇಕು. ನೀನು ಸಮುದ್ರ ಕಾಣುವಂತೆ ಕೊರೆಸುತ್ತಿರುವ ಹುತಾತ್ಮರು ಒಂಬತ್ತು ಜನ ಹಾಸಿಗೆ ಬಿಟ್ಟು ಏಳದವರು. ಏಳನೆಯ ಹುತಾತ್ಮ ಐವತ್ತೆಂಟರಲ್ಲಿ ಎದ್ದು ಬಂದಿದ್ದಾನೆ. ಯೇಸುವಿಗೆ ಮೂರು ದಿನ ಬೇಕಾಯಿತು, ಝೆನೋನನಿಗೆ ಒಂದು ವಾರ.

ಇಲ್ಲಿಯವರೆಗೆ ನಗುವ ವಿಷಯ. ನಾನೂ ನಗುತ್ತಲೇ ಬರೆದೆ. ಇನ್ನು ಮುಂದಿನದು ಬೇರೆ.

ಸೈನಿಕ ಆಡಳಿತ ಬಂದ ನಾಲ್ಕನೆಯ ದಿನ ಪೊಲೀಸರು ಮನೆಗೆ ಬಂದರು. ನಿನ್ನನ್ನು ಹಿಂದಿನ ದಿನವೇ ದೊಡ್ಡಮ್ಮನ ಮನೆಗೆ ಕಳಿಸಿದ್ದೆ. ನಿಜವಾದ ಪಟ್ಟಿ ಬೇರೆಯೇ ಇತ್ತು. ಹತ್ತೊಂಬತ್ತು ಜನ, ಹೊರಗೆ ಉಳಿದು ಒಕ್ಕೂಟ ನಡೆಸಬೇಕಾದವರು. ಆ ಚೀಟಿ ಹುಳಿ ಎಲೆಕೋಸಿನ ಜಾಡಿಯ ತಳದಲ್ಲಿ ಮೇಣದ ಬಟ್ಟೆ ಸುತ್ತಿಕೊಂಡು ಕೂತಿತ್ತು. ಅವರು ಹಾಸಿಗೆ ಹರಿದರು, ಹಿಟ್ಟು ಸುರಿದರು, ಜಾಡಿಯ ಹತ್ತಿರ ಬಂದರು. ಆಗ ಅಧಿಕಾರಿಗೆ ಕಿಟಕಿಯ ಹತ್ತಿರ ಇದ್ದ ನೋಟುಬುಕ್ಕು ಕಂಡಿತು. “ಇದೇನು?” ಎಂದ.

ಸಾಲಿನ ಪಟ್ಟಿ ಎಂದಿದ್ದರೆ ಅದನ್ನು ಎಸೆದು ಜಾಡಿಗೆ ಕೈ ಹಾಕುತ್ತಿದ್ದ. ನಾನು ಏನೂ ಹೇಳಲಿಲ್ಲ. ಹಾರಿ ಹೋಗಿ ಅವನ ಕೈಯಿಂದ ಕಿತ್ತುಕೊಳ್ಳಲು ನೋಡಿದೆ, ಗೋಳಾಡಿ ಅತ್ತೆ. ನನ್ನ ಕೈ ತಿರುಚಿದರು. ಅಧಿಕಾರಿಯ ಮುಖ ಹಬ್ಬದ ದಿನದಂತೆ ಬೆಳಗಿತು. ಹುಡುಕುವುದನ್ನು ನಿಲ್ಲಿಸಿದರು.

ಹತ್ತೊಂಬತ್ತು ಜನ ಉಳಿದರು. ಒಕ್ಕೂಟವೂ ಹೇಗೋ ಉಸಿರಾಡಿತು. ಮಷೀನಿಗಾಗಿ ಹೆಸರು ಬರೆಸಿದವರನ್ನೆಲ್ಲ ಕರೆಸಿದರು. ‘ನಿಮ್ಮ ಹೆಸರು ಒಕ್ಕೂಟದ ಪಟ್ಟಿಯಲ್ಲಿ ಸಿಕ್ಕಿದೆ’ ಎಂದರಂತೆ. ಪಟ್ಟಿಯನ್ನು ಯಾರಿಗೂ ತೋರಿಸಲಿಲ್ಲ. ಹೆಚ್ಚಿನವರು ಒಂದೆರಡು ದಿನದಲ್ಲಿ ಹೊರಬಂದರು. ಹನ್ನೊಂದು ಜನರ ಕೆಲಸ ಹೋಯಿತು.

ಉರ್ಶುಲಾಳ ವಿಷಯ ಬರೆಯಲು ಎರಡು ದಿನ ತೆಗೆದುಕೊಂಡೆ. ಅವಳಿಗೆ ಬೆಳಿಗ್ಗೆ ಏಳರಿಂದ ಶಾಲೆ, ಸಂಜೆ ಹಾಸಿಗೆ ಹಿಡಿದ ತಾಯಿ. ಕೂಗಿಗೆ ಒಂದು ದಿನವೂ ಬರಲಾಗಲಿಲ್ಲ. ನನ್ನ ಬಾಲ್ಯದ ಗೆಳತಿ, ಅವಳ ಗುರುತನ್ನು ನಾನೇ ಹಾಕುತ್ತಿದ್ದೆ. ಬೇರೆಯವರ ಹೆಸರಿನ ಮುಂದೆ ಅಲ್ಲಲ್ಲಿ ಖಾಲಿ ಇತ್ತು, ಅವಳದ್ದರಲ್ಲಿ ಒಂದೂ ಇರಲಿಲ್ಲ. ಒಮ್ಮೆಯೂ ತಪ್ಪಿಸದವಳು ಇವಳೊಬ್ಬಳೇ, ಇವಳೇ ಮುಖ್ಯಸ್ಥೆ ಎಂದು ಪೊಲೀಸರು ಲೆಕ್ಕ ಹಾಕಿದರು. ಮೂರು ತಿಂಗಳು ಜೈಲು. ಶಾಲೆಯ ಕೆಲಸ ಹೋಯಿತು. ಎಂಟು ವರ್ಷ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸಿದಳು. ಅವಳು ಒಳಗಿದ್ದಾಗ ಅವಳ ತಾಯಿ ತೀರಿಕೊಂಡಳು.

ಶಿಬಿರದಿಂದ ಬಂದ ಮೇಲೆ ನಾನು ಅವಳ ಮನೆಗೆ ಹೋಗಲಿಲ್ಲ. ಈಗ ನಿನ್ನ ಗೋಡೆ ಏನು ಮಾಡಬೇಕೆಂದು ನೀನೇ ಯೋಚಿಸು.

ಅಮ್ಮ

*

11 ಜುಲೈ 2005

ಅಮ್ಮ,

ಕಾರ್ಖಾನೆಯಲ್ಲಿ ಉಕ್ಕು ಕೊರೆದು ಆಗಿದೆ. ಒಂಬತ್ತು ಸೋಮಾರಿಗಳ ಹೆಸರಿನೊಳಗಿಂದ ನೋಡಿದರೆ ಕಾರ್ಖಾನೆಯ ಗೋಡೆ ಚೆನ್ನಾಗಿ ಕಾಣುತ್ತದೆ. ನಾನು ಒಂದು ದಿನವೆಲ್ಲ ನಕ್ಕೆ. ಮರುದಿನ ಬಾತ್‌ರೂಮಿನಲ್ಲಿ ಕೂತು ಅತ್ತೆ. ಅಳು ನಿನ್ನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಪ್ಲಿಖ್ತಾ ಫೋನು ಮಾಡಿ, “ಅಮ್ಮನ ಮಾತಿಗೆ ತಲೆ ಕೆಡಿಸ್ಕೋಬೇಡಮ್ಮಾ, ವಯಸ್ಸಾಯ್ತು” ಎಂದ. ಅವನಿಗೆ ಏನು ಹೇಳಿದೆನೋ ಅದನ್ನು ಬರೆಯುವುದಿಲ್ಲ. ನೀನು ಕಲಿಸಿದ ಮಾತುಗಳೇ.

ನೀನು ಎಲ್ಲರನ್ನೂ ತಿರಸ್ಕರಿಸುತ್ತೀಯ. ಸೂಪಿಗಾಗಿ ಗೇಟು ಬಿಟ್ಟವನನ್ನು ಇಪ್ಪತ್ತೈದು ವರ್ಷ ಬಿಡಲಿಲ್ಲ. ನಿನಗೆ ಇನ್ನೊಂದು ಗೇಟು ಇತ್ತು, ಎರಡು ಬೀದಿ ಆಚೆ. ಅದನ್ನು ನೀನು ಒಂದು ದಿನವೂ ತಟ್ಟಲಿಲ್ಲ.

ಈ ಕಾಗದ ನೋಡು. ನಿನ್ನದು ಬಂದ ವಾರವೇ ನನಗೆ ಬಂತು. ಪುರಸಭೆಯ ಪತ್ರಿಕೆಯಲ್ಲಿ ಹೆಸರುಗಳನ್ನು ಅಚ್ಚು ಮಾಡಿದ್ದಾರೆ, ಅದನ್ನು ಓದಿ ಬರೆದದ್ದು. ಪೂರ್ತಿ ನಕಲು ಮಾಡಿದ್ದೇನೆ:

‘ಪ್ರೀತಿಯ ಇವೋನಾ, ನಿನಗೆ ನನ್ನ ನೆನಪು ಇದೆಯೋ ಇಲ್ಲವೋ. ನನ್ನ ಮನೆಯ ಗ್ಲೋಬನ್ನು ನೀನು ತಿರುಗಿಸಿ ತಿರುಗಿಸಿ ಒಮ್ಮೆ ಬೀಳಿಸಿದ್ದೆ. ಗೋಡೆಯ ಮೇಲೆ ನನ್ನ ಹೆಸರು ಬರುತ್ತದೆಂದು ಓದಿ ಕೂತಲ್ಲೇ ಕೂತುಬಿಟ್ಟೆ. ನಾನು ಮಾಡಿದ್ದು ಬಹಳ ಸಣ್ಣದು. ಮುಷ್ಕರದವರ ಪತ್ರಿಕೆ ಅಚ್ಚು ಮಾಡಲು ಶಾಲೆಯ ಸೈಕ್ಲೋಸ್ಟೈಲ್ ಯಂತ್ರದ ಒಂದು ಬಾಟಲಿ ಮಸಿಯನ್ನು ಕೋಟಿನೊಳಗೆ ಇಟ್ಟುಕೊಂಡು ಹೋಗಿ ಕೊಟ್ಟಿದ್ದೆ. ಒಂದೇ ಸಲ. ಮತ್ತೆ ಧೈರ್ಯ ಬರಲಿಲ್ಲ. ಅಷ್ಟಕ್ಕೇ ನಿನ್ನ ಅಮ್ಮ ನನ್ನನ್ನು ಪಟ್ಟಿಗೆ ಸೇರಿಸಿದ್ದಳೆಂದು ಈಗ ತಿಳಿಯಿತು. ಅವಳು ನನ್ನನ್ನು ಅಷ್ಟು ನಂಬಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಅವಳಿಗೆ ನನ್ನ ನೆನಪು ಹೇಳು. ಉರ್ಶುಲಾ.’

ನಾನು ಇವಳಿಗೆ ಉತ್ತರ ಬರೆಯುವುದಿಲ್ಲ. ಅದು ನಿನ್ನ ಕೆಲಸ. ತಿಂಗಳ ಕೊನೆಯೊಳಗೆ ಹೋಗಿ ಹೇಳು. ಅವಳು ಬೇಡವೆಂದರೆ ಉಕ್ಕನ್ನು ಕರಗಿಸುತ್ತೇನೆ, ನನ್ನ ಹೆಸರು ಕೆಟ್ಟರೂ ಸರಿ. ನೀನು ಹೋಗದಿದ್ದರೆ ಗೋಡೆ ಹಾಗೆಯೇ ನಿಲ್ಲುತ್ತದೆ. ಸಾಯುವವರೆಗೆ ಅದರ ಮುಂದೆಯೇ ಮಾರುಕಟ್ಟೆಗೆ ಹೋಗು.

ಇವೋನಾ

*

3 ಆಗಸ್ಟ್ 2005

ಇವೋನಾ,

ಹೋಗಿದ್ದೆ.

ಬಾಗಿಲು ತೆಗೆದವಳು ನನ್ನನ್ನು ಕಂಡು ಕೂಗಿಯೇಬಿಟ್ಟಳು. “ಅಯ್ಯೋ ಗೇನ್ಯಾ! ಬಾರೇ, ಒಳಗೆ ಬಾ. ಎಷ್ಟು ಸೊರಗಿದೀಯೇ.” ಚಹಾ ಮಾಡಿದಳು. ಇದ್ದಬದ್ದ ಜಾಮೆಲ್ಲ ಮೇಜಿನ ಮೇಲೆ ತಂದಿಟ್ಟಳು. ಕೈಬೆರಳು ಎಲ್ಲ ಗಂಟುಗಂಟು, ಚಮಚ ಹಿಡಿಯಲು ಆಗುವುದಿಲ್ಲ. ಅಷ್ಟು ವರ್ಷ ಐಸಿನ ಮೀನು ಹಿಡಿದ ಕೈ. ಪುರಸಭೆಯ ಪತ್ರಿಕೆಯನ್ನು ಮಡಚಿ ಶಿಲುಬೆಯ ಕೆಳಗೆ ಇಟ್ಟಿದ್ದಳು. ನಾನು ಚಹಾ ಮುಟ್ಟಲಿಲ್ಲ. ಮುಟ್ಟಿದರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

ನಿನಗೆ ಬರೆದದ್ದನ್ನೇ ಹೇಳಿದೆ. ಕೂಗು, ಗುರುತು, ಜಾಡಿ, ನಾನು ಅತ್ತದ್ದು. ಎಲ್ಲ ಮುಗಿದ ಮೇಲೆ ಕೇಳಿದಳು:

“ಮಷೀನು ಬಂತಾ?”

“ಇಲ್ಲ.”

“ಯಾರಿಗೂ?”

“ಯಾರಿಗೂ ಬರಲಿಲ್ಲ.”

ಶಿಲುಬೆಯ ಕೆಳಗಿನಿಂದ ಪತ್ರಿಕೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಮಾತಾಡಿದಳು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, ನನ್ನ ಕಿವಿಗೆ ಕೇಳಲೆಂದು ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು.

“ಜೈಲಲ್ಲಿ ದಿನಾ ಅಂದ್ಕೋತಿದ್ದೆ, ಒಂದು ಬಾಟ್ಲಿ ಮಸಿಗೆ ಇಷ್ಟು ಶಿಕ್ಷೆನಾ ಅಂತ. ಅಮ್ಮ ಹೋದ್ಮೇಲೆ ಅಂದ್ಕೊಂಡೆ, ಹೌದು, ಆ ಮಸಿಯಿಂದ ಅಷ್ಟು ದೊಡ್ಡದೇನೋ ಆಗಿರ್ಬೇಕು, ಅದಕ್ಕೇ ಅವರಿಗೆ ಅಷ್ಟು ಭಯ. ಮೀನಿನ ತಲೆ ಕತ್ತರಿಸ್ತಾ ಅದನ್ನೇ ಹೇಳ್ಕೋತಿದ್ದೆ ಕಣೇ. ಹೆದರುಪುಕ್ಕಲಿ ಉರ್ಶುಲಾ ಒಂದು ಸಲ ಧೈರ್ಯ ಮಾಡಿದ್ಳು ಅಂತ. ಇಷ್ಟು ವರ್ಷ ಅದೊಂದರ ಮೇಲೇ ಬದುಕಿದೀನಿ. ಈಗ ನೀನು ಬಂದು, ನಿನ್ನ ಮಸಿ ಯಾರಿಗೂ ಗೊತ್ತೇ ಇರಲಿಲ್ಲ, ನೀನು ಜೈಲಿಗೆ ಹೋಗಿದ್ದು ಬಟ್ಟೆ ಒಗಿಯೋ ಮಷೀನಿಗೆ ಅಂತಿದೀಯ.”

“ಹತ್ತೊಂಬತ್ತು ಜನ ಉಳಿದ್ರು ಉರ್ಶುಲಾ” ಎಂದೆ.

“ಕೇಳಿದ್ರೆ ನಾನೇ ಹೂಂ ಅಂತಿದ್ದೆ. ಆವತ್ತು ಕೇಳೋಕೆ ಆಗ್ಲಿಲ್ಲ, ಸರಿ. ಬಿಡುಗಡೆಯಾಗಿ ಬಂದ್ಮೇಲೆ ಕೇಳಬಹುದಿತ್ತಲ್ಲ? ನನ್ನನ್ನ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ದೆ. ನಾನು ಜೈಲಲ್ಲಿ ಯಾರ ಹೆಸರಾದ್ರೂ ಬಾಯಿ ಬಿಟ್ಟಿದೀನಿ ಅಂತ ನಿನಗೆ ಅನುಮಾನ ಅಂದ್ಕೊಂಡಿದ್ದೆ. ನಾನು ಬಿಟ್ಟಿರಲಿಲ್ಲ ಗೇನ್ಯಾ. ನನಗೆ ಯಾರ ಹೆಸರೂ ಗೊತ್ತಿರಲಿಲ್ಲ.”

ಎದ್ದು ನನ್ನ ಚಹಾವನ್ನು ತೊಟ್ಟಿಗೆ ಸುರಿದು ಲೋಟ ತೊಳೆದಳು. ಗೋಡೆಯನ್ನು ಕರಗಿಸಬೇಕೇ ಎಂದು ಕೇಳಿದೆ. ಬೇಡ ಎಂದಳು. “ಅದರ ಕೆಳಗೆ ನಿಜ ಬರೆಸು. ಝೆನೋನ್ ಮೊಮ್ಮಕ್ಕಳೂ ಓದ್ಲಿ. ನಾನು ಮಾತ್ರ ಅದರ ಹತ್ರ ಬರಲ್ಲ. ನೀನೂ ಇನ್ನು ಇಲ್ಲಿಗೆ ಬರ್ಬೇಡ.” ಬಾಗಿಲು ಮೆಲ್ಲಗೆ ಮುಚ್ಚಿಕೊಂಡಳು.

ಮನೆಗೆ ನಡೆದು ಬರುವಾಗ ಈ ಊರಿನಲ್ಲಿ ಯಾರಿಗೆ ಛೀ ಅನ್ನಲಿ ಎಂದು ಹುಡುಕಿದೆ. ಝೆನೋನ್ ಎದುರಿಗೇ ಸಿಕ್ಕಿದ, ಟೋಪಿ ತೆಗೆದು ನಮಸ್ಕಾರವನ್ನೂ ಮಾಡಿದ. ಅವನ ಮೇಲೂ ಸಿಟ್ಟು ಬರಲಿಲ್ಲ. ಅವನು ಸೂಪು ಬೇಕೆಂದು ಬಾಯಿಬಿಟ್ಟು ಕೇಳಿದವನು. ನಾನು ಇಷ್ಟು ವರ್ಷ ಊರಿಗೆಲ್ಲ ಉಗಿದದ್ದು ನನ್ನ ಮುಖ ನೋಡಿಕೊಳ್ಳಬಾರದೆಂದು. ನಿನ್ನ ಚಿತ್ರಕ್ಕೆ ಅಂಗಡಿ ಬೋರ್ಡು ಎಂದದ್ದೂ ಅದಕ್ಕೇ ಇರಬೇಕು. ಚಿತ್ರ ಚೆನ್ನಾಗಿತ್ತು. ಆ ಎಂಟು ತಿಂಗಳಿಗೆ ನಿನ್ನಲ್ಲಿ ಏನು ಹೇಳಬೇಕೋ ನನಗೆ ಇನ್ನೂ ಗೊತ್ತಿಲ್ಲ.

ಹತ್ತೊಂಬತ್ತು ಜನರ ಹೆಸರು ಕೊಡುವುದಿಲ್ಲ. ಬದುಕಿರುವವರು ಆರು ಜನ, ಇಲ್ಲಿಯವರೆಗೆ ಒಬ್ಬನೂ ಪದಕಕ್ಕೆ ಕೈಚಾಚಿಲ್ಲ. ಅವರನ್ನು ಹಾಗೇ ಬಿಡು.

ಗೋಡೆಯ ಕೆಳಗೆ ಇದನ್ನು ಕೊರೆಸು. ಒಂದು ಅಕ್ಷರವನ್ನೂ ತಿದ್ದಬೇಡ:

‘ಇದು 1981ರ ಶರತ್ಕಾಲದಲ್ಲಿ ಬಂದರು ಬೀದಿಯ ಅಂಗಡಿಯ ಮುಂದೆ ವಾಷಿಂಗ್ ಮಷೀನಿಗಾಗಿ ಸಾಲು ನಿಂತವರ ಪಟ್ಟಿ. ಪೊಲೀಸರು ಇದನ್ನು ಒಕ್ಕೂಟದವರ ಪಟ್ಟಿ ಎಂದುಕೊಂಡರು. ಅಲ್ಲವೆಂದು ಗೊತ್ತಿದ್ದವಳು ಸುಮ್ಮನಿದ್ದಳು. ಇವರಲ್ಲಿ ಯಾರನ್ನೂ ಅವಳು ಕೇಳಿರಲಿಲ್ಲ. ಅವಳ ಹೆಸರು ಗೆನೋವೆಫಾ ಕ್ಲಾವಿತೆರ್. ಮೂವತ್ತೊಂದನೆಯ ಹೆಸರಿನ ಉರ್ಶುಲಾ ಲಾಬುದಾ ಮುಷ್ಕರಕ್ಕೆ ಮಸಿ ಕೊಟ್ಟಿದ್ದಳು. ಅದು ಯಾರ ಪಟ್ಟಿಯಲ್ಲೂ ಇಲ್ಲ.’

ಕೊನೆಯ ಎರಡು ಮಾತು ಅವಳು ಹೇಳಿದ್ದಲ್ಲ, ನಾನೇ ಸೇರಿಸಿದ್ದು. ಸಮಿತಿ ಕುಣಿದಾಡುತ್ತದೆ. ಕುಣಿಯಲಿ. ಫಲಕ ಕಿತ್ತರೆ ಸ್ಟೂಲು ಹಾಕಿಕೊಂಡು ಅಲ್ಲಿ ಕೂತು ಬಂದವರಿಗೆಲ್ಲ ನಾನೇ ಓದಿ ಹೇಳುತ್ತೇನೆ ಎಂದು ಅವರಿಗೆ ತಿಳಿಸು.

ಅಕ್ಷರ ದೊಡ್ಡದಿರಲಿ. ಬುಧವಾರ ಬುಧವಾರ ಅವಳು ಕೈಯ ನೋವಿಗೆ ಆಸ್ಪತ್ರೆಗೆ ಹೋಗುವ ಬಸ್ಸು ಆ ಬಯಲಿನ ಆಚೆ ಬದಿಯಲ್ಲಿ ಹಾದುಹೋಗುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಓಡುವ ಬಸ್ಸಿನ ಕಿಟಕಿಯಿಂದ ಕಾಣುವಷ್ಟು ದೊಡ್ಡದಾಗಿ ಬರೆಸು.

ಅಮ್ಮ